ಯಮಕನಮರಡಿಯಲ್ಲಿ ಗಾಳಿ ಅಳೆದ ವರ್ಷ

ಹೋದ ತಿಂಗಳು ಕೊಲ್ಲಾಪುರದಿಂದ ಬೆಳಗಾವಿಗೆ ಬರುವಾಗ ಬಸ್ಸಿನ ಟಾಯರ್ ಪಂಕ್ಚರ್ ಆಗಿ ಯಮಕನಮರಡಿಯ ಹತ್ತಿರ ಹೆದ್ದಾರಿ ಪಕ್ಕದಲ್ಲಿ ನಿಂತೆವು. ಕಂಡಕ್ಟರ್ ಅರ್ಧ ತಾಸು ಅಂದ. ನಮ್ಮ ಕಡೆಯ ಅರ್ಧ ತಾಸು ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲದ್ದೇನಲ್ಲ, ಇಳಿದು ನಡೆಯತೊಡಗಿದೆ. ಜಿಟಿಜಿಟಿ ಮಳೆ. ಒಂದು ವೆಲ್ಡಿಂಗ್ ಶೆಡ್ಡಿನ ಮುಂದೆ ಬಂದಾಗ ಆ ವಾಸನೆ ಮೂಗಿಗೆ ಬಡಿಯಿತು: ಕಾದ ಕಬ್ಬಿಣ, ಲೇಥಿಗೆ ಹಾಕುವ ಎಣ್ಣೆನೀರು, ಹಸಿ ಆಯಿಲ್ ಪೇಂಟು, ಅದರ ಜೊತೆಗೆ ಮಳೆಗೆ ನೆನೆದ ಕಬ್ಬಿನ ಒಣ ಎಲೆ, ರವದಿ. ವಾಸನೆಗೆ ಅಷ್ಟು ಶಕ್ತಿ ಇದೆ ಅಂತ ಬೇರೆ ಯಾರಾದರೂ ಬರೆದಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಅವತ್ತು ನನಗೇ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಅಲ್ಲೇ ನಿಂತು ಗೋಕಾಕಕ್ಕೆ, ಇಂಗಳಗಿ ಮೇಡಂಗೆ ಫೋನ್ ಮಾಡಿದೆ. ಮಳೆಯಲ್ಲಿ ನಿಂತು ಫೋನ್ ಮಾಡುವ ಬುದ್ಧಿ ಎಲ್ಲಿ ಕಲಿತೆ ಎಂದು ಬೈಸಿಕೊಂಡು ಬಸ್ ಹತ್ತಿದೆ. ಉಳಿದ ದಾರಿಯಲ್ಲಿ ಕಿಟಕಿಯ ಆಚೆ ಏನಿತ್ತೋ ನೋಡಲಿಲ್ಲ, ಆ ಒಂದು ವರ್ಷವೇ ಕಣ್ಣ ಮುಂದಿತ್ತು.

ಆಗ ನಾನು ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಜೊತೆಗೆ ಪಿಎಚ್‌ಡಿ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಒದ್ದಾಡುತ್ತಿದ್ದೆ. ನೋಂದಣಿಯ ಅವಧಿ ಮುಗಿದಿತ್ತು. ಕೈಕಾಲು ಹಿಡಿದು ತಂದ ಕೊನೆಯ ವಿಸ್ತರಣೆ ಆ ಡಿಸೆಂಬರಿಗೆ ತೀರುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಪದವಿ ಹೋಯಿತು, ಪದವಿ ಇಲ್ಲದವರನ್ನು ಮುಂದುವರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಯಾಗಿದ್ದರಿಂದ ನೌಕರಿಯೂ ಹೋಯಿತು. ನನ್ನ ಊರು ಮೂಡಲಗಿ. ಅಪ್ಪನಿಗೆ ಅಲ್ಲಿ ಬೀಜ ಗೊಬ್ಬರದ ಅಂಗಡಿ. ರಜೆ ಹಾಕಿ ಮನೆಯಲ್ಲಿ ಕೂತಿದ್ದ ಮಗಳನ್ನು ಅಪ್ಪ ದಿನಾ ಸಂಜೆ ಅಂಗಡಿಯ ಬಾಗಿಲು ಹಾಕಿ ಬಂದವನೇ, ನಿನ್ನ ಗಾಳಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಚೇಷ್ಟೆಯೇನಲ್ಲ, ಕಾಳಜಿಯಿಂದಲೇ ಕೇಳುತ್ತಿದ್ದ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ತಟ್ಟೆ ಬಿಟ್ಟು ಎದ್ದುಹೋದ ದಿನಗಳೂ ಇದ್ದವು.

ಗಾಳಿ ಅಂದರೆ ಏನು ಅಂತ ಹೇಳಬೇಕು. ಗ್ಯಾಸ್ ಟರ್ಬೈನ್ ಎಂಬ ಯಂತ್ರ ವಿಮಾನಕ್ಕೂ ಬೇಕು, ವಿದ್ಯುತ್ ಸ್ಥಾವರಕ್ಕೂ ಬೇಕು. ಮುಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಎಂಬ ಭಾಗ ಆ ಗಾಳಿಯನ್ನು ಒತ್ತಿ ಬಿಗಿ ಮಾಡುತ್ತದೆ. ಆಮೇಲೆ ಅದರಲ್ಲಿ ಇಂಧನ ಉರಿದು, ಬಿಸಿಗಾಳಿ ಚಕ್ರ ತಿರುಗಿಸುತ್ತದೆ. ಕಂಪ್ರೆಸರಿನ ಬಾಯಲ್ಲೇ ಸುತ್ತಲೂ ಸಾಲಾಗಿ ಪಟ್ಟಿಗಳು ನಿಂತಿರುತ್ತವೆ, ಅವಕ್ಕೆ ವೇನ್ ಅನ್ನುತ್ತಾರೆ. ಕಿಟಕಿಯ ಪಟ್ಟಿಗಳ ಹಾಗೆ ಅವನ್ನು ನಿಂತಲ್ಲೇ ಓರೆ ಮಾಡಬಹುದು. ಓರೆ ಮಾಡಿದರೆ ಒಳಗೆ ಹೋಗುವ ಗಾಳಿ ಕಡಿಮೆಯಾಗುವುದಷ್ಟೇ ಅಲ್ಲ, ಹೋಗುವ ಗಾಳಿಗೆ ಮೊದಲೇ ಒಂದು ತಿರುವು ಸಿಗುತ್ತದೆ. ಆ ತಿರುವಿನಿಂದ ಏನಾಗುತ್ತದೆ ಎಂದು ನಾನು ಪುಸ್ತಕ ಓದಿ ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೆ. ನನಗೆ ಅದು ಖಂಡಿತವಾಗಿ ತಿಳಿದದ್ದು ಮಾತ್ರ ಇಂಗಳಗಿ ಮೇಡಂ ಗೋಕಾಕ ಬಸ್ ನಿಲ್ದಾಣದ ಕಡೆ ಕೈ ಮಾಡಿ ಹೇಳಿದ ದಿನ.

"ಓಡೂ ಬಸ್ಸು ಹತ್ತುವಾಗ ಬಸ್ಸು ಹೊಂಟ ಕಡೆನ ಓಡಿ ಹತ್ತಿದ್ರ ಜಗ್ಗೂದು ಕಡಿಮಿ. ಗಾಳಿಗೂ ನಾವು ಅದನ ಕಲಿಸಾಕತ್ತೇವಿ" ಎಂದಿದ್ದರು.

ಮೇಡಂ ಗೋಕಾಕದವರೇ. ಅವರ ತಂದೆ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಮಗಳು ಓದಿ, ದೂರದ ಊರಿನಲ್ಲಿ ದೊಡ್ಡ ಯಂತ್ರಗಳನ್ನು ತಯಾರಿಸುವ ಕಂಪನಿಗೆ ಸೇರಿ, ಇಡೀ ನೌಕರಿಯನ್ನು ಈ ಕಂಪ್ರೆಸರಿನ ಲೆಕ್ಕಕ್ಕೇ ಸವೆಸಿದರು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದವರಿಗೆ ಪುರುಸೊತ್ತು ಆಗಲಿಲ್ಲ ಅನ್ನುತ್ತಿದ್ದರು, ನಗದೆ. ನಿವೃತ್ತಿಯ ನಂತರ ತಂಗಿಯ ಮನೆಯ ಮೇಲಿನ ಅಂತಸ್ತಿಗೆ ಬಂದು ಇದ್ದರು. ನಮ್ಮ ಕಾಲೇಜಿಗೆ ಒಮ್ಮೆ ಉಪನ್ಯಾಸಕ್ಕೆ ಬಂದಾಗ ನಾನು ಎದ್ದು ನಿಂತು ಸ್ವಲ್ಪ ಉದ್ಧಟವಾಗಿಯೇ ಪ್ರಶ್ನೆ ಕೇಳಿದ್ದೆ. ಉತ್ತರ ಉದ್ದ ಇದೆ, ಗೋಕಾಕಕ್ಕೆ ಬಾ ಅಂದರು. ಹೋದೆ. ಕಾಗದದ ಮೇಲೆ ನನ್ನ ಮಾರ್ಗದರ್ಶಕರು ಬೇರೆಯವರಿದ್ದರು, ಒಳ್ಳೆಯವರು, ಕೇಳಿದಲ್ಲಿ ಸಹಿ ಹಾಕುತ್ತಿದ್ದರು. ದಾರಿ ತೋರಿಸಿದವರು ಇವರು.

ಅವರ ಹತ್ತಿರ ಒಂದು ಲೆಕ್ಕದ ಮಾದರಿ ಇತ್ತು. ಪ್ರತಿಯೊಂದು ಕಂಪ್ರೆಸರಿಗೂ ಒಂದು ನಕ್ಷೆ ಇರುತ್ತದೆ: ಯಾವ ವೇಗದಲ್ಲಿ ಎಷ್ಟು ಗಾಳಿ, ಎಷ್ಟು ಒತ್ತಡ ಎಂದು ಹೇಳುವ ಗೆರೆಗಳು. ವೇನ್‌ಗಳನ್ನು ಓರೆ ಮಾಡಿದ ಕೂಡಲೇ ಆ ನಕ್ಷೆಯೇ ಬದಲಾಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಮಾಡುವುದೇನೆಂದರೆ, ಪ್ರತಿ ಕೋನಕ್ಕೂ ಅಳೆದು, ಅಳೆದದ್ದಕ್ಕೆ ತಕ್ಕ ಹಾಗೆ ಲೆಕ್ಕವನ್ನು ಹೊಂದಿಸುವುದು. ಮೇಡಂ ಹೇಳುತ್ತಿದ್ದದ್ದು ಬೇರೆ. ವೇನ್‌ಗಳು ಪೂರ್ತಿ ತೆರೆದಿದ್ದಾಗಿನ ನಕ್ಷೆಯೊಂದು ಕೈಯಲ್ಲಿದ್ದರೆ ಸಾಕು, ಉಳಿದ ಕೋನಗಳ ನಕ್ಷೆಗಳನ್ನು ಅಳೆಯದೆಯೇ, ಗಾಳಿಯ ತಿರುವಿನಿಂದಲೇ ಲೆಕ್ಕ ಹಾಕಿ ಹೇಳಬಹುದು. ಕಂಪನಿಯಲ್ಲಿ ಇದನ್ನು ಮೆಚ್ಚಿದರಂತೆ, ಬಳಸಲಿಲ್ಲ. ಪರೀಕ್ಷಿಸಿ ನೋಡಲು ಯಾರಿಗೂ ಬಿಡುವಿರಲಿಲ್ಲ. ಅದನ್ನು ಪರೀಕ್ಷಿಸುವುದೇ ನನ್ನ ಪ್ರಬಂಧ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಹೊಂದಿದರೆ ನಾನು ಗೆದ್ದೆ, ಅವರ ಮಾತೂ ಉಳಿಯಿತು.

ನಿಜವಾದ ಗ್ಯಾಸ್ ಟರ್ಬೈನ್ ನಮಗೆ ಯಾರು ಕೊಡುತ್ತಾರೆ? ಅದರ ಬಾಯಿಯನ್ನಷ್ಟೇ ಹೋಲುವ ಒಂದು ಸಣ್ಣ ಯಂತ್ರ ಬೇಕಿತ್ತು. ಮೇಡಂ ಹುಡುಕಿ ಹಿಡಿದದ್ದು ಯಮಕನಮರಡಿಯ ಶಿವಲಿಂಗ ಕಾಕಾನನ್ನು. ಬೆಲ್ಲದ ಗಾಣಗಳಿಗೆ ಗಾಳಿ ಊದುವ ಬ್ಲೋವರ್, ಕಬ್ಬು ಸಾಗಿಸುವ ಟ್ರೇಲರ್, ಎರಡೂ ಅವನ ಶೆಡ್ಡಿನಲ್ಲಿ ಆಗುತ್ತಿದ್ದವು. ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ಮುಂಗಾರು ಹಿಡಿದ ಮೇಲೆ ಅವನಿಗೆ ಕೆಲಸ ಕಡಿಮೆ. ಶೆಡ್ಡಿನ ಹಿಂದಿನ ಅರ್ಧ ಭಾಗ ನಮಗೆ ಬಿಟ್ಟುಕೊಟ್ಟ, ಒಂದೇ ಷರತ್ತು ಹಾಕಿ.

"ಕಬ್ಬಿನ ಸೀಜನ್ ಸುರು ಆಗೂತನಕ ಜಾಗಾ ನಿಮ್ಮದ್ರಿ ಮೇಡಮ್ಮಾರ. ಆಮ್ಯಾಲ ಟ್ರೇಲರ್ ಬರ್ತಾವ, ನನಗ ಏನೂ ಮಾಡಾಕ ಬರೂದಿಲ್ರಿ."

ಆ ಮಳೆಗಾಲ ಪೂರ್ತಿ ಯಂತ್ರ ಕಟ್ಟುವುದರಲ್ಲೇ ಹೋಯಿತು. ನಾನು ಮೂಡಲಗಿಯಿಂದ ಬಸ್ಸಿಗೆ ಗೋಕಾಕಕ್ಕೆ ಬರುತ್ತಿದ್ದೆ, ಅಲ್ಲಿಂದ ಮೇಡಂ ಅವರ ಹಳೆಯ ಕಾರಿನಲ್ಲಿ ಯಮಕನಮರಡಿಗೆ. ಕಾರನ್ನು ಅವರು ಎತ್ತಿನ ಗಾಡಿಯ ವೇಗದಲ್ಲಿ ಓಡಿಸುತ್ತಿದ್ದರು, ಮಾತಾಡುವಾಗ ಅದಕ್ಕೂ ನಿಧಾನ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಬದಿಯಿಂದ ಹೋಗುವಾಗ ಒಮ್ಮೆ ಬೈದು ಹೋಗುತ್ತಿದ್ದರು. ಮೇಡಂ ಅವರಿಗೆ ಕೈ ಬೀಸುತ್ತಿದ್ದರು, ಪರಿಚಯದವರು ಅಂದುಕೊಂಡು. ನಡುವೆ ಘಟಪ್ರಭೆ ಕೆಂಪಗೆ ಉಕ್ಕಿ ನಮ್ಮ ಕಡೆಯ ಸಣ್ಣ ಸೇತುವೆಗಳೆಲ್ಲ ಮುಳುಗಿದಾಗ ನಾನು ಮೂಡಲಗಿಯಲ್ಲೇ ಸಿಕ್ಕಿಬಿದ್ದೆ. ಅಷ್ಟೂ ದಿನ ಫೋನಿನಲ್ಲಿ ಪಾಠ ನಡೆಯಿತು. ಅಪ್ಪನ ಅಂಗಡಿಯ ಗೊಬ್ಬರದ ಚೀಲಗಳ ಮೇಲೆ ಕೂತು ನಾನು ಗಾಳಿಯ ತಿರುವಿನ ತ್ರಿಕೋನಗಳನ್ನು ಬಿಡಿಸುತ್ತಿದ್ದೆ. ಗೊಬ್ಬರ ಕೇಳಲು ಬಂದ ರೈತರು ಬಗ್ಗಿ ನೋಡಿ, ಹೊಲದ ನಕಾಶೆ ಏನ್ರಿ ಎಂದು ಕೇಳಿ ಹೋಗುತ್ತಿದ್ದರು.

ಕಾಕಾ ಕತ್ತರಿಸಿ ಕೊಟ್ಟ ವೇನ್‌ಗಳನ್ನು ಮೇಡಂ ಒಂದೊಂದಾಗಿ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ಬೇಡ ಅನಿಸಿದ್ದನ್ನು ಮಾತಿಲ್ಲದೆ ಪಕ್ಕಕ್ಕೆ ಇಡುತ್ತಿದ್ದರು. ಕಾಕಾನೂ ಮಾತಿಲ್ಲದೆ ಇನ್ನೊಂದು ಮಾಡುತ್ತಿದ್ದ. ನಾನು ಮಾತ್ರ ಗಡಿಯಾರ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಅವರ ಎಚ್ಚರ ನೋಡಿದರೆ ಕೆಲವೊಮ್ಮೆ ತಲೆ ಕೆಡುತ್ತಿತ್ತು, ಈಗ ನೆನೆಸಿಕೊಂಡರೆ ಹೊಟ್ಟೆಕಿಚ್ಚಾಗುತ್ತದೆ. ಗಾಳಿಯ ತೇವ ಅಳೆಯುವುದಕ್ಕೆ ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಮಳೆಯ ಗಾಳಿ ಹಗುರ, ಒಣ ಗಾಳಿ ಭಾರ, ಲೆಕ್ಕದಲ್ಲಿ ಅದು ಸೇರಲೇಬೇಕು. ಕಾಕಾ ವೆಲ್ಡಿಂಗ್ ಹಿಡಿದನೆಂದರೆ ಕರೆಂಟು ಕುಗ್ಗಿ ನಮ್ಮ ಮೋಟರಿನ ವೇಗ ಅಲ್ಲಾಡುತ್ತಿತ್ತು. ಹಾಗಾಗಿ ಅವನು ಊಟಕ್ಕೆ ಹೋದ ಹೊತ್ತಿನಲ್ಲೇ ನಮ್ಮ ಅಳತೆ. ಕಾಕಾ ನಮ್ಮ ಸಲುವಾಗಿ ಊಟವನ್ನು ನಿಧಾನ ಮಾಡಲು ಕಲಿತ. ಹೆಂಡತಿ ಕೇಳಿದಳಂತೆ, ಇಷ್ಟು ವರ್ಷ ಗಬಗಬ ತಿಂದವನಿಗೆ ಈಗ ಏನಾಯಿತು ಎಂದು.

ಯಂತ್ರದ ಬಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದಿನದೆಲ್ಲ ಅಲ್ಲೇ ಇರುವುದರಿಂದ. ಬಾಯಿ ನಮ್ಮ ಮಂಗಳವಾದ್ಯದ ಸನಾದಿಯ ಹಾಗೆ ಅಗಲವಾಗಿ ಹೊರಗೆ ಬಾಗಿ, ಒಳಗೆ ಹೋಗುತ್ತ ಕಿರಿದಾಗುತ್ತದೆ. ಕಿರಿದಾಗುವಲ್ಲಿ ಗೋಡೆಗೆ ಸೂಜಿ ಹೋಗುವಷ್ಟು ಸಣ್ಣ ತೂತು. ಅದರಿಂದ ಒಂದು ಪ್ಲಾಸ್ಟಿಕ್ ಕೊಳವೆ ಬಣ್ಣದ ನೀರು ತುಂಬಿದ ಗಾಜಿನ ನಳಿಗೆಗೆ. ಒಳಗೆ ಗಾಳಿ ಜೋರಾಗಿ ಹೋದಷ್ಟೂ ನೀರು ಮೇಲೇರುತ್ತದೆ. ಎಷ್ಟು ಏರಿತು ನೋಡಿ ಎಷ್ಟು ಗಾಳಿ ಹೋಯಿತು ಎಂದು ಹೇಳುತ್ತೇವೆ. ಆ ತೂತಿನ ಅಂಚು ನುಣುಪಾಗಿರಬೇಕು, ಒಂದು ಸಣ್ಣ ಉಬ್ಬು ಇದ್ದರೂ ನೀರು ಸುಳ್ಳು ಹೇಳುತ್ತದೆ.

ದಸರೆಗೆ ಸ್ವಲ್ಪ ಮೊದಲು ಯಂತ್ರ ಸಿದ್ಧವಾಯಿತು. ವೇನ್‌ಗಳನ್ನು ಪೂರ್ತಿ ತೆರೆದಿಟ್ಟು ಮೊದಲ ನಕ್ಷೆಯನ್ನು ಅಳೆದೆವು. ಗೆರೆಗಳು ಎಷ್ಟು ಚೆಂದ ಬಂದವೆಂದರೆ ನಾನು ಅವತ್ತು ಮನೆಗೆ ಹೋಗಿ ಅಪ್ಪ ಕೇಳುವ ಮೊದಲೇ, ಗಾಳಿ ಬಂತು ಎಂದು ಹೇಳಿದೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಆಮೇಲೆ ಖಂಡೆ ಪೂಜೆ ಬಂತು. ನಮ್ಮ ಕಡೆ ಮಹಾನವಮಿಗೆ ದುಡಿಯುವ ಎಲ್ಲ ಹತಾರಗಳಿಗೂ ಪೂಜೆ, ಸುತ್ತಿಗೆಯಿಂದ ಹಿಡಿದು ಲಾರಿಯ ತನಕ. ಕಾಕಾ ಎರಡು ದಿನ ಮೊದಲೇ ಶೆಡ್ ತೊಳೆಸಿ, ಯಂತ್ರಗಳಿಗೆಲ್ಲ ಪೇಂಟ್ ಬಳಿದಿದ್ದ. ನಮ್ಮದಕ್ಕೂ ಹೊರಗೆಲ್ಲ ನೀಲಿ. ಪೂಜೆಯ ದಿನ ನಾನು ಮೂಡಲಗಿಯಲ್ಲಿ ಅಪ್ಪನ ತಕ್ಕಡಿಗೆ ಹೂ ಏರಿಸುತ್ತಿದ್ದೆ, ಮೇಡಂ ಒಬ್ಬರೇ ಯಮಕನಮರಡಿಗೆ ಹೋಗಿದ್ದರು. ಅವರು ದೇವರು ದಿಂಡರು ಎಂದು ಓಡಾಡುವವರಲ್ಲ. ಆದರೆ ಗಿರಣಿಯಲ್ಲಿ ಅವರ ತಂದೆ ಪ್ರತಿ ವರ್ಷ ಈ ದಿನ ನೂಲುವ ಯಂತ್ರಕ್ಕೆ ತಾವೇ ವಿಭೂತಿ ಹಚ್ಚುತ್ತಿದ್ದರಂತೆ. ಸಣ್ಣವಳಿದ್ದಾಗ ಮೇಡಂ ಪಕ್ಕದಲ್ಲಿ ನಿಂತು ತಾನೂ ಹಚ್ಚುತ್ತೇನೆಂದು ಹಟ ಹಿಡಿದರೆ, ನಿನ್ನ ಯಂತ್ರಕ್ಕೆ ನೀನು ಹಚ್ಚುವಿಯಂತೆ ಎನ್ನುತ್ತಿದ್ದರಂತೆ. ಕಂಪನಿಯಲ್ಲಿ ಅಷ್ಟು ವರ್ಷ ದುಡಿದರೂ ಯಾವ ಯಂತ್ರವೂ ಅವರದ್ದಾಗಿರಲಿಲ್ಲ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಹಬ್ಬ ಮುಗಿಸಿ, ಬನ್ನಿ ಕೊಟ್ಟು ತೆಗೆದುಕೊಂಡು, ಮತ್ತೆ ಕೆಲಸಕ್ಕೆ ಇಳಿದೆವು. ಈಗ ವೇನ್‌ಗಳನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಅಳೆಯುವ ಕೆಲಸ. ಮಳೆ ಹಿಂದಾಗಿತ್ತು, ಬೆಳಗ್ಗೆ ಹೊಲದ ಮೇಲೆ ಮಂಜು ಕೂತಿರುತ್ತಿತ್ತು. ಅಳೆದು ಮುಗಿಸಿ, ಮೇಡಂ ಅವರ ಮಾದರಿ ಹೇಳಿದ ಗೆರೆಗಳ ಮೇಲೆ ನಮ್ಮ ಅಳತೆಯ ಚುಕ್ಕೆಗಳನ್ನು ಇಟ್ಟು ನೋಡಿದೆ. ಒಂದೂ ಕೂರಲಿಲ್ಲ. ಎಲ್ಲ ಕೋನಗಳಲ್ಲೂ ಗಾಳಿ ಮಾದರಿ ಹೇಳಿದ್ದಕ್ಕಿಂತ ಕಡಿಮೆ. ನವೆಂಬರ್ ಹತ್ತಿರ ಬಂದಿತ್ತು, ಹೆದ್ದಾರಿಯಲ್ಲಿ ಆಗಲೇ ಒಂದೊಂದು ಕಬ್ಬಿನ ಟ್ರ್ಯಾಕ್ಟರ್ ಕಾಣುತ್ತಿತ್ತು.

ಎರಡು ದಿನ ಮೂಡಲಗಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಆಮೇಲೆ ನನಗೆ ಕಂಡಿತು: ಮಾದರಿ ಹೇಳಿದ ಗಾಳಿಯನ್ನು ಒಂದಕ್ಕಿಂತ ತುಸು ಸಣ್ಣ ಸಂಖ್ಯೆಯಿಂದ ಗುಣಿಸಿದರೆ ಸಾಕು, ಎಲ್ಲ ಚುಕ್ಕೆಗಳೂ ಗೆರೆಯ ಮೇಲೆ ಬಂದು ಕೂರುತ್ತಿದ್ದವು. ಒಂದೇ ಒಂದು ಸಂಖ್ಯೆ! ಕುಣಿದಾಡಿದೆ. ಇಂಥ ತಿದ್ದುಪಡಿಯ ಸಂಖ್ಯೆಗಳು ನಮ್ಮ ಕ್ಷೇತ್ರದಲ್ಲಿ ಎಲ್ಲ ಪ್ರಬಂಧಗಳಲ್ಲೂ ಇರುತ್ತವೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಗೋಕಾಕಕ್ಕೆ ಓಡಿದೆ. ಮೇಡಂ ನನ್ನ ಗೆರೆ ಚುಕ್ಕೆಗಳ ಚಿತ್ರವನ್ನು ನೋಡಿದರು.

"ಈ ಸಂಖ್ಯಾ ಎಲ್ಲಿಂದ ಬಂತವಾ?"

"ಹೊಂದಿಸೇನ್ರಿ. ಎಲ್ಲಾರೂ ಮಾಡ್ತಾರ್ರಿ ಮೇಡಂ."

"ಎಲ್ಲಾರೂ ಮಾಡ್ತಾರ, ಖರೆ. ನಾನೂ ಮಾಡೇನಿ. ಆದ್ರ ಯಾಕ ಅಂತ ಗೊತ್ತಿಲ್ಲದ ಕೂಡ್ಸಿದ್ರ, ನಾಳೆ ಇನ್ನೊಂದು ಮಷೀನ್ ಮುಂದ ನಿಂತು ಏನ್ ಹೇಳ್ತಿ?"

ನನ್ನ ಬಾಯಿಗೆ ಬೀಗ ಇಲ್ಲ, ಅವತ್ತಂತೂ ಬಾಗಿಲೂ ಇರಲಿಲ್ಲ. ನಿಮಗೇನು, ನಿಮ್ಮ ನೌಕರಿ ಮುಗಿದಿದೆ, ನನ್ನದು ಡಿಸೆಂಬರಿಗೆ ಮುಗಿಯುತ್ತದೆ ಎಂದೆ. ಅಷ್ಟರಲ್ಲಿ ಅವರ ತಂಗಿ ಚಹಾ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ ಹಾಗೇ ಹೋದರು. ಮೇಡಂ ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ನನ್ನ ಸಂಖ್ಯೆಯ ಕೆಳಗೆ ಬೆರಳಿಟ್ಟು ನಿಧಾನವಾಗಿ ವಿವರಿಸಿದರು. ತಮ್ಮ ಮಾದರಿಯಲ್ಲಿ ವೇನಿನ ತಪ್ಪು ಇದ್ದಿದ್ದರೆ ವೇನ್ ಓರೆಯಾದಷ್ಟೂ ತಪ್ಪು ಬೆಳೆಯಬೇಕಿತ್ತು. ಸ್ವಲ್ಪ ಓರೆಗೆ ಸ್ವಲ್ಪ, ಹೆಚ್ಚು ಓರೆಗೆ ಹೆಚ್ಚು. ಇಲ್ಲಿ ಎಲ್ಲ ಕೋನಕ್ಕೂ ಒಂದೇ ಪ್ರಮಾಣ. ಹಾಗಿದ್ದರೆ ಇದು ವೇನಿಗೆ ಸಂಬಂಧಪಟ್ಟದ್ದೇ ಅಲ್ಲ. ನಾಳೆ ವೇನ್ ಪೂರ್ತಿ ತೆರೆದಿಟ್ಟು ಮೊದಲಿನ ನಕ್ಷೆಯನ್ನೇ ಮತ್ತೆ ಅಳೆಯೋಣ ಎಂದರು.

ಅಳೆದದ್ದನ್ನೇ ಅಳೆಯುವುದು! ಇದ್ದ ನಾಲ್ಕು ದಿನದಲ್ಲಿ ಒಂದನ್ನು ನೀರಿಗೆ ಹಾಕಿದಂತೆ ಅನಿಸಿತು. ಮುಖ ಊದಿಸಿಕೊಂಡೇ ಹೋದೆ. ಕಾಕಾ ಊಟಕ್ಕೆ ಎದ್ದ. ವೇನ್ ತೆರೆದೆವು, ಮೋಟರ್ ಹಾಕಿದೆವು. ಗಾಜಿನ ನಳಿಗೆಯಲ್ಲಿ ಬಣ್ಣದ ನೀರು ಏರಿತು, ಏರಿ ನಿಂತಿತು. ನಾನು ಹಳೆಯ ಅಂಕಿಯನ್ನು ನೋಡಿದೆ, ನೀರನ್ನು ನೋಡಿದೆ. ನೀರು ಕೆಳಗಿತ್ತು. ಓರೆ ಕೋನಗಳಲ್ಲಿ ಎಷ್ಟು ಕಡಿಮೆ ಬಂದಿತ್ತೋ ಅಷ್ಟೇ ಪ್ರಮಾಣದಲ್ಲಿ ಕೆಳಗೆ. ವೇನ್ ಏನೂ ಮಾಡಿರಲಿಲ್ಲ. ನಮ್ಮ ಅಳತೆಯೇ ಹಬ್ಬದ ಆಚೆ ಒಂದು, ಈಚೆ ಒಂದು ಆಗಿತ್ತು.

ಮೋಟರ್ ನಿಲ್ಲಿಸಿ, ಮೊಬೈಲಿನ ಬೆಳಕು ಹಿಡಿದು, ಯಂತ್ರದ ಬಾಯೊಳಗೆ ತಲೆ ಹಾಕಿದೆ. ಮೇಲ್ಭಾಗದಲ್ಲಿ, ಹೊರಗಿನಿಂದ ಕಾಣದ ಬಾಗಿನಲ್ಲಿ, ಒಂದು ಬಿಳಿಯ ಗೆರೆ. ಬೆರಳಾಡಿಸಿದೆ, ಒಣಗಿ ಗಟ್ಟಿಯಾಗಿತ್ತು. ಗೆರೆಯ ತುದಿ ಸರಿಯಾಗಿ ಆ ಸೂಜಿ ತೂತಿನ ಅಂಚಿಗೆ ಬಂದು ಉಬ್ಬಿ ನಿಂತಿತ್ತು. ಹೊರಗಿನ ತುಟಿಯ ಮೇಲಿನ ಎರಡು ಗೆರೆಗಳನ್ನು ಕಾಕಾ ಹಬ್ಬದ ಮಾರನೆಯ ದಿನ ಒರೆಸಿದ್ದ. ಒಳಗಿನ ಮೂರನೆಯದು ಯಾರಿಗೂ ಕಂಡಿರಲಿಲ್ಲ. ಹೊರಗಿನ ತುಟಿಯಿಂದ ಬೆರಳಿಗೆ ಹತ್ತಿ ಬಂದ ಹಸಿ ಪೇಂಟು, ಒದ್ದೆ ವಿಭೂತಿ, ಎರಡೂ ಸೇರಿ ಗಾರೆಯಂತೆ ಕಚ್ಚಿಕೊಂಡಿದ್ದವು.

ಕೈಯಲ್ಲಿದ್ದ ಬಿಳಿ ಪುಡಿಯನ್ನು ಮೇಡಂಗೆ ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ತಮ್ಮ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡರು.

"ಇದು ನನ್ನ ಕೈಯವಾ" ಅಂದರು.

ಊಟ ಮುಗಿಸಿ ಬಂದ ಕಾಕಾ ವಿಷಯ ತಿಳಿದು ಕಂಗಾಲಾದ. ತಪ್ಪು ತನ್ನದು, ಪೇಂಟ್ ಒಣಗಿರಲಿಲ್ಲ, ಒಳಗೆ ಹಚ್ಚಬೇಡಿ ಎಂದು ತಾನು ಹೇಳಬೇಕಿತ್ತು ಎಂದೆಲ್ಲ ಮೈಮೇಲೆ ಎಳೆದುಕೊಳ್ಳಲು ನೋಡಿದ. ಮೇಡಂ ಬಿಡಲಿಲ್ಲ. ಜೀವನವಿಡೀ ಬೇರೆಯವರಿಗೆ ಈ ತೂತಿನ ಬಗ್ಗೆ ಎಚ್ಚರಿಕೆ ಹೇಳಿದವಳು ನಾನು, ನನ್ನ ತಪ್ಪನ್ನು ನೀನು ಹೊತ್ತರೆ ನನಗೆ ಉಳಿಯುವುದೇನು ಎಂದರು. ನಗುತ್ತಲೇ ಅಂದರು. ಆದರೆ ಒದ್ದೆ ಬಟ್ಟೆ ತೆಗೆದುಕೊಂಡು ಆ ಗೆರೆಯನ್ನು ಒರೆಸುವಾಗ ನನ್ನನ್ನೂ ಮುಟ್ಟಗೊಡಲಿಲ್ಲ. ತೂತಿನ ಅಂಚನ್ನು ತಾವೇ ನುಣುಪು ಮಾಡಿದರು. ತಂದೆಯ ಮಾತನ್ನು ನನಗೆ ಹೇಳಿದ್ದು ಆಗ, ಯಂತ್ರದೊಳಗೆ ಕೈ ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿ.

ಆಮೇಲಿನ ದಿನಗಳನ್ನು ನಾನು ಹೇಗೆ ಹೇಳಲಿ. ತೆರೆದ ವೇನಿನ ನಕ್ಷೆ ಮತ್ತೆ ಅಳೆದೆವು, ಹಬ್ಬದ ಮೊದಲಿನ ಗೆರೆಯ ಮೇಲೇ ಬಂದು ಕೂತಿತು. ಓರೆ ಕೋನಗಳನ್ನೆಲ್ಲ ಮೊದಲಿನಿಂದ ಅಳೆದೆವು. ಶೆಡ್ಡಿನ ಮುಂದೆ ಟ್ರೇಲರ್‌ಗಳು ಸಾಲುಗಟ್ಟತೊಡಗಿದವು, ಚಾಲಕರು ಬೈಯತೊಡಗಿದರು. ಕಾಕಾ ತನ್ನ ಷರತ್ತನ್ನು ತಾನೇ ನುಂಗಿಕೊಂಡು, ಒಳಗೆ ದೊಡ್ಡ ಸಾಹೇಬರ ಯಂತ್ರ ಇದೆ ಎಂದು ಅವರನ್ನು ಚಹಾದಂಗಡಿಗೆ ಅಟ್ಟುತ್ತಿದ್ದ. ಕೋನದ ಮೇಲೆ ಕೋನ, ಮಾದರಿ ಹೇಳಿದ ಗೆರೆಗಳ ಮೇಲೆ ಚುಕ್ಕೆಗಳು ತಾವಾಗಿ ಬಂದು ಕೂರುತ್ತಿದ್ದವು, ಯಾವ ಸಂಖ್ಯೆಯಿಂದಲೂ ಗುಣಿಸದೆ. ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

ಕೊನೆಯ ಕೋನ ಮಾತ್ರ ಕೂರಲಿಲ್ಲ. ವೇನ್‌ಗಳು ಹೆಚ್ಚುಕಡಿಮೆ ಮುಚ್ಚಿಕೊಂಡ ಸ್ಥಿತಿಯದು, ಮೊದಲ ಸಲ ನಾವು ಅಲ್ಲಿಯ ತನಕ ಅಳೆದಿರಲಿಲ್ಲ. ಮೇಡಂಗೆ ಹೇಳಲು ಅಳುಕಿದೆ. ಅವರೋ ಚಿತ್ರ ನೋಡಿ, ಇಲ್ಲಿ ನನ್ನ ಮಾದರಿ ತಪ್ಪು ಎಂದು ಮಗುವಿನ ಹಾಗೆ ಖುಷಿಪಟ್ಟರು. ಅಷ್ಟು ಓರೆ ಮಾಡಿದಾಗ ಗಾಳಿ ವೇನಿನ ಬೆನ್ನಿಗೆ ಅಂಟಿಕೊಂಡು ಹೋಗದೆ ನಡುವೆಯೇ ಕಿತ್ತುಕೊಳ್ಳುತ್ತದೆ, ಅಂದುಕೊಂಡಷ್ಟು ತಿರುವು ಅದಕ್ಕೆ ಸಿಗುವುದಿಲ್ಲ. ಹೊಗೆ ಬಿಟ್ಟು ನೋಡಿ ಅದನ್ನು ಖಾತ್ರಿ ಮಾಡಿಕೊಂಡು, ಆ ಕೋನಕ್ಕೆ ಲೆಕ್ಕವನ್ನು ಹೇಗೆ ತಿದ್ದಬೇಕೆಂದು ನಾನು ಬರೆದೆ. ನನ್ನ ಪ್ರಬಂಧದಲ್ಲಿ ನನ್ನದೇ ಎಂದು ಏನಾದರೂ ಇದ್ದರೆ ಅದೊಂದು ಅಧ್ಯಾಯ. ಅಳತೆಯಲ್ಲಿ ಮೊದಲ ತಪ್ಪು ಹಾಗೇ ಉಳಿದು, ನನ್ನ ಗುಣಿಸುವ ಸಂಖ್ಯೆಯೂ ಅದರ ಮೇಲೆ ಕೂತಿದ್ದರೆ, ಈ ಕಿತ್ತುಹೋಗುವ ಗಾಳಿ ನಮಗೆ ಕಾಣುತ್ತಲೇ ಇರಲಿಲ್ಲ.

ಡಿಸೆಂಬರಿನಲ್ಲಿ ಪ್ರಬಂಧ ಒಪ್ಪಿಸುವ ಮೊದಲು ನಮ್ಮಿಬ್ಬರಿಗೆ ಇನ್ನೊಂದು ಜಗಳವಾಯಿತು. ಮಧ್ಯದ ಅಳತೆಗಳನ್ನು ಬಿಟ್ಟದ್ದಕ್ಕೆ ಕಾರಣ ಹೇಳಬೇಕಲ್ಲ, ತೂತಿನ ಹತ್ತಿರ ಕೊಳೆ ಕಂಡುಬಂತು ಎಂದಷ್ಟೇ ನಾನು ಬರೆದಿದ್ದೆ. ಯಾರು, ಯಾವತ್ತು, ಏನು ಹಚ್ಚಿದರು ಎಂದು ಬರಿ ಎಂದರು ಮೇಡಂ. ಆಗುವುದಿಲ್ಲ ಎಂದೆ. ಅವರ ಕೈಕೆಳಗೆ ಕಲಿತವರು ದೇಶದ ತುಂಬ ಇದ್ದಾರೆ, ನನ್ನ ಪ್ರಬಂಧ ಓದಿ ಅವರೆಲ್ಲ ನಗುವುದು ನನಗೆ ಬೇಡವಾಗಿತ್ತು. ಇದೊಂದು ವಿಷಯದಲ್ಲಿ ನಾನು ಅವರ ಮಾತು ಕೇಳಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರಾಗಿ ಬಂದವರು ಧಾರವಾಡದ ಕಡೆಯ ಹಿರಿಯರು, ಮಿತಭಾಷಿ. ಸಭಾಂಗಣದಲ್ಲಿ ನನ್ನ ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಮೇಡಂ ಅವರ ಹಳೆಯ ಕಂಪನಿಯಿಂದ ಬಂದ ಒಂದಿಬ್ಬರು. ಮೇಡಂ ಹಿಂದಿನ ಸಾಲಿನಲ್ಲಿ. ಅಪ್ಪನೂ ಅಂಗಡಿ ಮುಚ್ಚಿ ಬಂದು ಅವರ ಪಕ್ಕದಲ್ಲಿ ಕೂತಿದ್ದ. ಎಲ್ಲ ಚೆನ್ನಾಗಿ ಹೋಗುತ್ತಿತ್ತು. ಪರೀಕ್ಷಕರು ಆ ಪುಟ ತೆರೆದರು. ಈ ಕೊಳೆ ಎಲ್ಲಿಂದ ಬಂತು ಎಂದು ಕೇಳಿದರು. ಯಾವಾಗ ಬಂತೆಂದು ಗೊತ್ತಿಲ್ಲದಿದ್ದರೆ ಮೊದಲ ನಕ್ಷೆಯನ್ನು ಅಳೆಯುವಾಗಲೂ ಇರಲಿಲ್ಲವೆಂದು ಹೇಗೆ ನಂಬಲಿ? ಒರೆಸಿದ ಮೇಲೆ ಒಂದು ಸಲ ಹೊಂದಿತು ಎಂದಿರಿ, ನಡುವೆ ಮತ್ತೆ ಬರಲಿಲ್ಲವೆಂದು ಹೇಗೆ ನಂಬಲಿ? ಮೂಲ ನಕ್ಷೆಯೇ ಅನುಮಾನವಾದರೆ ಅದರ ಮೇಲೆ ಕಟ್ಟಿದ್ದೆಲ್ಲ ಅನುಮಾನ. ನಾನು ಈ ಪ್ರಬಂಧಕ್ಕೆ ಒಪ್ಪಿಗೆ ಕೊಡುವುದು ಹೇಗೆ ಎಂದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನನ್ನ ಪದವಿ ಉಳಿಯುತ್ತಿತ್ತು, ತುಂಬಿದ ಸಭೆಯಲ್ಲಿ ಮೇಡಂ ಅವರ ಹೆಸರು ಹೋಗುತ್ತಿತ್ತು. ಮುಂದಿದ್ದ ಪ್ರಬಂಧದ ಪುಟಗಳನ್ನು ಸುಮ್ಮನೆ ತಿರುವತೊಡಗಿದೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ಅದು ಕೊಳೆ ಅಲ್ರಿ, ವಿಭೂತಿ. ನಾನ ಹಚ್ಚೇನಿ, ಖಂಡೆ ಪೂಜಿ ದಿನ, ಈ ಕೈಯಿಂದ. ಮೊದಲ ನಕ್ಷೆ ಅದಕ್ಕಿಂತ ಮೊದಲಿಂದು. ಹಚ್ಚಿದ ಮ್ಯಾಲಿನ ಅಳತಿ ಎಲ್ಲಾ ತಗದ ಒಗದೇವಿ, ಒರಸಿದ ಮ್ಯಾಲ ಮತ್ತ ಯಾರೂ ಹಚ್ಚಿಲ್ಲ." ನನ್ನ ಕಡೆ ಕೈ ಮಾಡಿದರು. "ಈ ಹುಡುಗಿ ನನ್ನ ಮರ್ಯಾದಿ ಉಳಸಾಕ ಬಾಯಿ ಮುಚ್ಕೊಂಡು ನಿಂತಾಳ. ಲೆಕ್ಕದಾಗ ನನ್ನ ಮರ್ಯಾದಿಗೆ ಜಾಗಾ ಇಲ್ರಿ."

ಯಾರೂ ನಗಲಿಲ್ಲ. ಕಂಪನಿಯಿಂದ ಬಂದವರು ತಲೆ ತಗ್ಗಿಸಿದ್ದರು, ನಾಚಿಕೆಯಿಂದಲ್ಲ ಎಂದು ಈಗಲೂ ನನ್ನ ನಂಬಿಕೆ. ಪರೀಕ್ಷಕರು ಮೇಡಂ ಕಡೆ ನೋಡಿ ಕೈಮುಗಿದರು. ತಪ್ಪಿಗೆ ದಿನಾಂಕ ಸಿಕ್ಕಿತು, ಇನ್ನು ನನ್ನ ತಕರಾರಿಲ್ಲ ಎಂದು ಮುಂದಿನ ಪುಟ ತಿರುಗಿಸಿ, ಕೊನೆಯ ಕೋನದ ಗಾಳಿಯ ಬಗ್ಗೆ ಕೇಳಿದರು. ಅದನ್ನು ನಾನು ನಿಲ್ಲಿಸದೆ ಹೇಳಿದೆ. ಅಪ್ಪನಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ, ಆದರೂ ಕಣ್ಣೊರೆಸಿಕೊಳ್ಳುತ್ತಿದ್ದ.

ಪದವಿ ಬಂತು. ಒಂದೇ ತಿದ್ದುಪಡಿ ಕೇಳಿದ್ದರು: ಆ ಪುಟದಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು. ಆ ಒಂದು ವಾಕ್ಯಕ್ಕೆ ನಾನು ಪಟ್ಟ ಪಾಡು ಇಡೀ ಪ್ರಬಂಧಕ್ಕೆ ಪಟ್ಟಿರಲಿಲ್ಲ. ಆಯುಧ ಪೂಜೆಯ ದಿನ ಡಾ. ಇಂಗಳಗಿಯವರು ಯಂತ್ರದ ಬಾಯಿಗೆ ವಿಭೂತಿ ಹಚ್ಚಿದಾಗ ಅದು ಆಕಸ್ಮಿಕವಾಗಿ ತೂತಿನ ಅಂಚಿಗೂ ತಗುಲಿತು, ಆದ್ದರಿಂದ ಅಂದಿನಿಂದ ಒರೆಸುವವರೆಗಿನ ಅಳತೆಗಳನ್ನು ಕೈಬಿಡಲಾಗಿದೆ ಎಂದು ಬರೆದು, ಗೋಕಾಕಕ್ಕೆ ಒಯ್ದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಪೆನ್ನು ಕೇಳಿದರು. ಹೆಸರು ಹೊಡೆದು ಹಾಕುತ್ತಾರೆ ಎಂದು ನನಗೊಂದು ಸಣ್ಣ ಆಸೆ ಇತ್ತು. ಹೆಸರನ್ನು ಮುಟ್ಟಲಿಲ್ಲ, ಆಕಸ್ಮಿಕವಾಗಿ ಎಂಬ ಪದದ ಮೇಲೆ ನೇರವಾಗಿ ಒಂದು ಗೆರೆ ಎಳೆದರು.

"ಆಕಸ್ಮಿಕ ಅಲ್ಲವಾ. ಪ್ರೀತಿಲೆ ಹಚ್ಚಿದ್ದೆ" ಅಂದರು.